ಗಿಡವನ್ನು ಆರಿಸಬೇಕಾದದ್ದು ಮೇ ತಿಂಗಳಲ್ಲಿ

ಕಳೆದ ವಾರ ನನ್ನ ತಮ್ಮನ ಮಗಳು ದೂರವಾಣಿ ಮಾಡಿದ್ದಳು. "ದೊಡ್ಡಪ್ಪ, ಹೋದ ಮಳೆಗಾಲದಾಗೆ ತಂದು ಹಚ್ಚಿದ ಗಿಡದಾಗೆ ಒಂದೂ ಉಳೀಲಿಲ್ಲ ನೋಡ್ರಿ. ನಮ್ಮ ಮಣ್ಣಿನಾಗೇ ಏನೋ ದೋಷ ಐತಿ ಅನ್ಸುತ್ತೆ. ಒಮ್ಮೆ ಬಂದು ನೋಡ್ತೀರಾ?" ಎಂದಳು.

ಅವಳ ಮನೆ ನಮ್ಮ ಎಸ್.ಎಸ್. ಬಡಾವಣೆಯಲ್ಲೇ, ನನ್ನ ಮನೆಯಿಂದ ಎರಡು ರಸ್ತೆಗಳಾಚೆ ಇದೆ. ಸಂಜೆ ನಡೆದುಕೊಂಡೇ ಹೋದೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಎದುರಿಗೆ ಒಂದು ಮರವೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳಕ್ಕೆ ಇಳಿದ ಬಿಸಿಲು ಸಂಜೆ ಆರರವರೆಗೆ ಅಲ್ಲಿಂದ ಕದಲುವುದಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಕೈಯಿಟ್ಟರೆ ಏಳು ಗಂಟೆಯಲ್ಲಿಯೂ ಹಂಚಿನಂತೆ ಸುಡುತ್ತಿತ್ತು. ಅಂಥ ಅಂಗಳದಲ್ಲಿ ಅವಳು ನೆಟ್ಟದ್ದು ಆಂಥೂರಿಯಂ, ಜರಿಗಿಡ, ಹೈಡ್ರೇಂಜಿಯ ಮತ್ತು ತೀರ್ಥಹಳ್ಳಿಯ ಕಡೆಯಿಂದ ಯಾರೋ ಪ್ರೀತಿಯಿಂದ ಕೊಟ್ಟ ಡೇರೆ ಗೆಡ್ಡೆಗಳು. ಜೊತೆಗೆ ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲುಹಾಸು. ಎಲ್ಲವೂ ಒಣಗಿ ತರಗಾಗಿದ್ದವು. ಅವಳ ಕೈಗುಣದಲ್ಲಿ ತಪ್ಪಿಲ್ಲ, ಮಣ್ಣಿನಲ್ಲಿಯೂ ದೋಷವಿಲ್ಲ. ತಪ್ಪಾದದ್ದು ಆಯ್ಕೆಯಲ್ಲಿ.

ಇದು ಅವಳೊಬ್ಬಳ ಕಥೆಯಲ್ಲ. ನಾವು ಗಿಡಗಳನ್ನು ಕೊಳ್ಳುವುದು ಜೂನ್, ಜುಲೈ ತಿಂಗಳಲ್ಲಿ. ಆಗ ಮೋಡ ಕವಿದಿರುತ್ತದೆ, ತುಂತುರು ಹನಿಯುತ್ತಿರುತ್ತದೆ. ನರ್ಸರಿಯ ಹಸಿರು ಪರದೆಯ ಕೆಳಗೆ ಯಾವ ಗಿಡವೂ ಚೆಲುವಾಗಿಯೇ ಕಾಣುತ್ತದೆ. ಆದರೆ ನಮ್ಮ ದಾವಣಗೆರೆಯಲ್ಲಿ ಗಿಡ ಬದುಕಬೇಕಾದದ್ದು ಮಾರ್ಚಿಯಿಂದ ಮೇ ಕೊನೆಯವರೆಗಿನ ಮೂರು ತಿಂಗಳನ್ನು ದಾಟಿ. ಉಷ್ಣಾಂಶ 40 ಡಿಗ್ರಿಯ ಸಮೀಪಕ್ಕೆ ಹೋಗುವ ಆ ದಿನಗಳೇ ನಿಜವಾದ ಪರೀಕ್ಷೆ. ಆದುದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡವನ್ನು ನೆಡುವುದು ಜೂನ್ ತಿಂಗಳಲ್ಲಾದರೂ ಆರಿಸಬೇಕಾದದ್ದು ಮೇ ತಿಂಗಳಲ್ಲಿ. ಬಿಸಿಲನ್ನು ಸಹಿಸುವ ಗಿಡವಲ್ಲ, ಬಿಸಿಲನ್ನು ಬೇಡುವ ಗಿಡ ನಮಗೆ ಬೇಕು.

ಈ ಮಾತು ಹೇಳುವ ಅಧಿಕಾರ ನನಗೆ ಬಂದದ್ದು ಪಾಂಡಿತ್ಯದಿಂದಲ್ಲ, ತಪ್ಪಿನಿಂದ. ಆ ತಪ್ಪನ್ನು ನನ್ನ ವಿದ್ಯಾರ್ಥಿಗಳ ಮುಂದೆ ಇಷ್ಟು ವರ್ಷ ಹೇಳಿಕೊಂಡಿರಲಿಲ್ಲ.

1993ನೆಯ ಇಸವಿ. ನಾನಾಗ ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ದಾವಣಗೆರೆ ಜಿಲ್ಲೆಯಾಗಿ ರೂಪುಗೊಂಡದ್ದು 1997ರಲ್ಲಿ. ಆಗ ನಾವಿನ್ನೂ ಚಿತ್ರದುರ್ಗ ಜಿಲ್ಲೆಯವರು. 1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಪ್ರತಿ ಜುಲೈ ತಿಂಗಳ ಮೊದಲ ವಾರದಲ್ಲಿ ನಮ್ಮ ಶಾಲೆಗೂ ಬರುತ್ತಿತ್ತು. ಆ ವರ್ಷ, ನನ್ನೊಡನೆ ಬಿ.ಎಡ್. ಓದಿ ಚಿಕ್ಕಮಗಳೂರಿನ ಕಡೆ ಕೆಲಸದಲ್ಲಿದ್ದ ಗೆಳೆಯನೊಬ್ಬ ನಲವತ್ತು ಸಿಲ್ವರ್ ಓಕ್ ಸಸಿಗಳನ್ನು ಕಳುಹಿಸಿಕೊಟ್ಟಿದ್ದ. ಕಾಫಿ ತೋಟಗಳಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುವ ಆ ಮರಗಳನ್ನು ನಾನು ನೋಡಿ ಮೆಚ್ಚಿದ್ದೆ. ಶಾಲೆಯ ಮುಂದೆ ಎರಡು ಸಾಲು ಅವೇ ನಿಂತರೆ ಎಷ್ಟು ಚೆಂದ ಎಂಬ ಆಸೆ ನನ್ನದು. ಎಂಟನೆಯ ತರಗತಿಯ ಪ್ರತಿಯೊಬ್ಬರಿಗೂ ಒಂದೊಂದು ಸಸಿ ಕೊಟ್ಟು, ಹೆಸರಿನ ಹಲಗೆ ನೆಡಿಸಿ, ಉಳಿಸಿಕೊಂಡವರಿಗೆ ಐದು ಅಂಕವೆಂದು ಸಾರಿದೆ.

ಆ ದಿನ ಒಬ್ಬ ಹುಡುಗ ಒದ್ದೆ ಗೋಣಿಚೀಲದಲ್ಲಿ ಬೇರು ಸುತ್ತಿಕೊಂಡು ಒಂದು ಹೊಂಗೆಯ ಸಸಿಯನ್ನು ತಂದಿದ್ದ. ಕೂಲಿ ಮಾಡುವವರ ಮನೆಯ ಹುಡುಗ. "ಸಾರ್, ಇದನ್ನ ಹಚ್ಚೋಣ್ರಿ. ಇದು ನೀರು ಕೇಳಲ್ಲ, ಬದುಕತೈತಿ" ಎಂದ. "ಹೊಂಗೆ ಹಳ್ಳದ ದಂಡೆ ತುಂಬಾ ಐತಲ್ಲೋ, ಅದಕ್ಕೆ ಶಾಲೆ ಯಾಕೆ ಬೇಕು?" ಎಂದೆ. ತರಗತಿ ನಕ್ಕಿತು. ಅವನು ಮರುಮಾತಾಡದೆ ಅದನ್ನು ಬೇಲಿಯ ಹೊರಗೆ, ಎತ್ತಿನ ಗಾಡಿಗಳು ನಿಲ್ಲುವ ಕಡೆ ನೆಟ್ಟು, ಒಳಗೆ ಬಂದು ನಾನು ಕೊಟ್ಟ ಸಿಲ್ವರ್ ಓಕನ್ನೂ ನೆಟ್ಟ.

ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಲವತ್ತರಲ್ಲಿ ಮೂರು ಉಳಿದಿದ್ದವು. ಸಸಿ ಸತ್ತವರನ್ನೆಲ್ಲ ಎದ್ದು ನಿಲ್ಲಿಸಿ, "ಒಂದು ಗಿಡ ಉಳಿಸಿಕೊಳ್ಳೋಕೆ ಆಗದವರು ನೀವು ಮುಂದೆ ಏನು ಮಾಡ್ತೀರಿ?" ಎಂದು ಬೈದೆ. ಆ ಹುಡುಗನೂ ತಲೆ ತಗ್ಗಿಸಿ ನಿಂತಿದ್ದ. ಕೆಲವು ದಿನಗಳ ಮೇಲೆ ನಮ್ಮ ಶಾಲೆಯ ಜವಾನರು ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಸಾರ್, ಆ ಹುಡುಗನಿಗೆ ಬೈಬಾರದಿತ್ತು. ಬೇಸಿಗೆ ರಜೆ ಪೂರ್ತಿ ದಿನಾ ಬಿಟ್ಟು ದಿನಾ ಸಂಜೆ ಬಿಂದಿಗೆ ಹೊತ್ಕೊಂಡು ಬಂದು ನೀರು ಹಾಕ್ಯಾನ. ಗಿಡ ತಡೀಲಿಲ್ಲ, ಅವನೇನು ಮಾಡ್ತಾನೆ?" ಬೇಲಿಯ ಹೊರಗೆ ಹೋಗಿ ನೋಡಿದೆ. ಮಳೆ ನಿಂತ ಮೇಲೆ ಯಾರೂ ನೀರು ಹಾಕದ ಹೊಂಗೆ ಮೊಣಕಾಲೆತ್ತರ ಬೆಳೆದು ತಿಳಿಹಸಿರು ಚಿಗುರು ತಳೆದಿತ್ತು.

ಶಿಕ್ಷಕನಾದವನು ವಿದ್ಯಾರ್ಥಿಯ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿ ಆಗಿನ ಕಾಲದಲ್ಲಿರಲಿಲ್ಲ ಎಂಬ ನೆಪ ನನಗಿತ್ತು. ಹೇಳದೆ ಉಳಿದೆ. ಅವನು ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟ. ಎಲ್ಲಿದ್ದಾನೋ ತಿಳಿಯದು. ಸಿಲ್ವರ್ ಓಕ್ ಕೆಟ್ಟ ಮರವಲ್ಲ. ಮಲೆನಾಡಿನ ತಂಪಿನಲ್ಲಿ, ಆಳವಾದ ಮಣ್ಣಿನಲ್ಲಿ ಅದು ರಾಜನಂತೆ ಬೆಳೆಯುತ್ತದೆ. ಅದನ್ನು ಬಯಲುಸೀಮೆಯ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಅದು ಸತ್ತದ್ದಕ್ಕೆ ಮಕ್ಕಳನ್ನು ಹೊಣೆ ಮಾಡಿದವನು ನಾನು.

ಹಾಗಾದರೆ ನಮ್ಮ ಬಿಸಿಲಿಗೆ ಯಾವ ಗಿಡ? ಇದಕ್ಕೆ ಪುಸ್ತಕ ಬೇಡ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕೊಡೆ ಹಿಡಿದು ನಿಮ್ಮದೇ ರಸ್ತೆಯಲ್ಲಿ ಒಂದು ಸುತ್ತು ಬನ್ನಿ. ಯಾರ ಮನೆಯ ಗೇಟಿನ ಬಳಿ, ಯಾವ ಖಾಲಿ ನಿವೇಶನದಲ್ಲಿ, ಯಾರೂ ನೀರು ಹಾಕದ ಯಾವ ಗಿಡ ಹೂ ಬಿಟ್ಟು ನಿಂತಿದೆ ಎಂದು ಬರೆದುಕೊಳ್ಳಿ. ನರ್ಸರಿಗೂ ಆ ತಿಂಗಳಲ್ಲೇ ಒಮ್ಮೆ ಹೋಗಿ, ಹಸಿರು ಪರದೆಯ ಹೊರಗೆ ಬಿಸಿಲಿನಲ್ಲಿ ಅವರು ಏನನ್ನು ಇಟ್ಟಿದ್ದಾರೆಂದು ನೋಡಿ. ನಿಮ್ಮ ಪಟ್ಟಿ ಅಲ್ಲಿಯೇ ಸಿದ್ಧವಾಗುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಕಾಗದದ ಹೂ. ನಾವು ಹೂವೆಂದು ಕರೆಯುವ ಆ ಬಣ್ಣದ ತೆಳುಹಾಳೆಗಳು ನಿಜಕ್ಕೂ ಹೂವಲ್ಲ, ಬಣ್ಣ ತಳೆದ ಎಲೆಗಳು. ಅವುಗಳ ನಡುವೆ ಇರುವ ಪುಟ್ಟ ಬಿಳಿ ಕೊಳವೆಯೇ ಹೂವು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಸಿಗದಿದ್ದರೆ ಅದು ಬರೀ ಹಸಿರು ಬಳ್ಳಿಯಾಗಿ ಹಬ್ಬುತ್ತದೆ. ನೀರು ಹೆಚ್ಚಾದರೆ ಎಲೆ ಹೆಚ್ಚು, ಬಣ್ಣ ಕಡಿಮೆ. ನಮ್ಮ ಅಕ್ಕರೆಯೇ ಅದಕ್ಕೆ ಅಡ್ಡಿ.

ಎರಡನೆಯದು ಕಣಗಿಲೆ. ಅದರ ಎಲೆಯ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಉಸಿರಾಡುವ ರಂಧ್ರಗಳು ಆ ಗುಳಿಗಳೊಳಗೆ ನವಿರು ಕೂದಲುಗಳ ಮರೆಯಲ್ಲಿರುತ್ತವೆ. ಬಿಸಿಗಾಳಿ ನೇರವಾಗಿ ತಾಗದ ಕಾರಣ ನೀರು ಬೇಗ ಆವಿಯಾಗುವುದಿಲ್ಲ. ತರಗತಿಯಲ್ಲಿ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೆದ್ದಾರಿಗಳ ನಡುಪಟ್ಟಿಯಲ್ಲಿ, ಲಾರಿಗಳ ಹೊಗೆಯ ನಡುವೆಯೂ ಅದು ಅರಳುವುದು ಈ ಏರ್ಪಾಡಿನಿಂದ. ಪೂಜೆಗೂ ಸಲ್ಲುವ ಹೂವು. ಆದರೆ ಅದರ ಎಲೆ, ಕಾಂಡ, ಬೇರು ಎಲ್ಲವೂ ವಿಷ. ಚಿಕ್ಕ ಮಕ್ಕಳು ಮತ್ತು ದನಕರುಗಳಿರುವ ಮನೆಯವರು ಅದನ್ನು ಕೈಗೆಟುಕದ ಕಡೆ ನೆಡಬೇಕು, ಇಲ್ಲವೇ ಬಿಡಬೇಕು.

ಮೂರನೆಯದು ನಿತ್ಯಪುಷ್ಪ. ಜಲ್ಲಿಕಲ್ಲಿನ ಸಂದಿಯಲ್ಲಿಯೂ ತಾನೇ ಬೀಜ ಉದುರಿಸಿ ತಾನೇ ಹುಟ್ಟುವ ಈ ಬಡವರ ಹೂವಿನಿಂದಲೇ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧ ದೊರೆತದ್ದು. ನಾಲ್ಕನೆಯದು ದೇವಕಣಗಿಲೆ. ಅದು ದಪ್ಪ ಕೊಂಬೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು, ಒಣಗಾಲದಲ್ಲಿ ಎಲೆಗಳನ್ನೇ ಉದುರಿಸಿ ಖರ್ಚು ತಗ್ಗಿಸುತ್ತದೆ. ಬೋಳಾಗಿ ನಿಂತದ್ದನ್ನು ನೋಡಿ ಸತ್ತಿತೆಂದು ಕೀಳಬೇಡಿ. ತಾರಸಿಯ ಮೇಲಾದರೆ ಹತ್ತು ಗಂಟೆಯ ಹೂ, ಲೋಳೆಸರ. ಲೋಳೆಸರದ ಜಾಣತನ ಬೇರೆಯೇ. ಬಹುಪಾಲು ಗಿಡಗಳು ಹಗಲು ರಂಧ್ರಗಳನ್ನು ತೆರೆದು ನೀರು ಕಳೆದುಕೊಂಡರೆ, ಇದು ತಂಪಾದ ರಾತ್ರಿಯಲ್ಲಿ ತೆರೆದು, ಹಗಲು ಬಾಗಿಲು ಹಾಕಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ನಾವೂ ಕಿಟಕಿ ಮುಚ್ಚಿಕೊಳ್ಳುವುದಿಲ್ಲವೆ?

ಐದೆಸಳಿನ ಹಳೆಯ ಕೆಂಪು ದಾಸವಾಳ, ಸ್ಫಟಿಕದ ಹೂ, ಚೆಂಡು ಹೂ, ಹೊಲದ ಬದುಗಳಲ್ಲಿ ಹಳದಿಯಾಗಿ ಅರಳುವ ತಂಗಡಿ, ಅಡುಗೆಮನೆಗೆ ಒದಗುವ ನುಗ್ಗೆ, ಕರಿಬೇವು, ತುಳಸಿ ಇವೆಲ್ಲವೂ ನಮ್ಮ ಬಿಸಿಲಿನ ಮಕ್ಕಳೇ. "ಪರಿಮಳ ಬೇಡವೆ?" ಎನ್ನುವವರಿಗೆ ದುಂಡುಮಲ್ಲಿಗೆ ಇದೆ. ಚಳಿಗಾಲದಲ್ಲಿ ಸವರಿ ಬಿಟ್ಟರೆ ಮಾರ್ಚ್ ತಿಂಗಳಿಂದ ಮೊಗ್ಗು. ನೆರಳಿನಲ್ಲಿಟ್ಟರೆ ಮೊಗ್ಗಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವಿನಹಡಗಲಿಯ ಮಲ್ಲಿಗೆ ಬೆಳೆಯುವುದು ನಮ್ಮ ಉತ್ತರಕ್ಕೆ, ತುಂಗಭದ್ರೆ ಹರಿದು ಹೋಗುವ ದಿಕ್ಕಿನಲ್ಲಿ, ಬಿಸಿಲಿಗೇ ಹೆಸರಾದ ಸೀಮೆಯಲ್ಲಿ. ಬಿಸಿಲಿನ ನಾಡಿನಲ್ಲಿ ನಾಜೂಕಿನ ಹೂವು ಬಾರದೆಂಬ ಮಾತಿಗೆ ಅದೇ ಉತ್ತರ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. "ಹಾಗಾದರೆ ದೇಶೀಯ ಗಿಡಗಳನ್ನು ಮಾತ್ರ ನೆಡಬೇಕೆಂದು ತಾನೆ ನೀವು ಹೇಳುವುದು?" ಅಲ್ಲ. ಕಾಗದದ ಹೂ ದಕ್ಷಿಣ ಅಮೆರಿಕದ್ದು, ಚೆಂಡು ಹೂ ಮೆಕ್ಸಿಕೋದ್ದು, ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು. ಇವು ಸಾಗರ ದಾಟಿ ಬಂದು ನಮ್ಮವೇ ಆಗಿವೆ. ಪಕ್ಕದ ಮಲೆನಾಡಿನ ಜರಿಗಿಡ ಮಾತ್ರ ಇಲ್ಲಿ ಒಂದು ಬೇಸಿಗೆ ಕಳೆಯಲಾರದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬಿದ್ದರೆ ನಮ್ಮಲ್ಲಿ ಬೀಳುವುದು ಅದರ ಹತ್ತನೆಯ ಒಂದು ಭಾಗದಷ್ಟು. ಗಿಡಕ್ಕೆ ನಕ್ಷೆಯ ಮೇಲಿನ ಅಂತರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಸಿಲು, ಮಣ್ಣು, ನೀರು. ಬೆಂಗಳೂರನ್ನು ನೋಡಿ ನಕಲು ಮಾಡುವುದೂ ಅಷ್ಟೇ ತಪ್ಪು. ಅದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ನಾವಿರುವುದು 600 ಮೀಟರಿನ ಆಸುಪಾಸಿನಲ್ಲಿ. ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಲ್ಲಿ ವರ್ಷದ ಎಲ್ಲ ಕಾಲದಲ್ಲೂ ಒಂದಲ್ಲ ಒಂದು ಮರ ಹೂ ಬಿಟ್ಟಿರುವಂತೆ ಮರಗಳನ್ನು ಆರಿಸಿದರು. ನಾವು ತೆಗೆದುಕೊಳ್ಳಬೇಕಾದದ್ದು ಅವರ ಮರಗಳ ಪಟ್ಟಿಯನ್ನಲ್ಲ, ಅವರ ವಿಧಾನವನ್ನು. ನಮ್ಮೂರಿನ ಏಪ್ರಿಲ್, ಮೇ ತಿಂಗಳಿಗೆ ಯಾವ ಹೂವೆಂದು ಕೇಳಿದರೆ ಕಕ್ಕೆಯ ಚಿನ್ನದ ಗೊಂಚಲು ಎದುರಿಗೇ ಇದೆ.

ಇನ್ನೊಂದು ಎಚ್ಚರವೂ ಬೇಕು. ಬಿಸಿಲಿಗೆ ಬಗ್ಗದು ಎಂಬ ಒಂದೇ ಗುಣ ಸಾಲದು. ಬರದ ನಾಡಿಗೆ ಹಸಿರು ತರುತ್ತದೆಂದು ಹೊರದೇಶದಿಂದ ಬಂದ ಬಳ್ಳಾರಿ ಜಾಲಿ ಇಂದು ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿ ಕುಳಿತಿದೆ. ಕಾಂಪೌಂಡಿನುದ್ದಕ್ಕೂ ಬೇಗ ಬೆಳೆಯುತ್ತದೆಂದು ಹಲವರು ನೆಡುವ ಕೊನೋಕಾರ್ಪಸನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಬದುಕುವ ಗಿಡ ಬೇಕು. ಇತರರನ್ನು ಬದುಕಗೊಡದ ಗಿಡ ಬೇಡ.

ಈಗ ಹುಲ್ಲುಹಾಸಿನ ಮಾತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯ ಒಂದು ದಿನದಲ್ಲಿ ಹುಲ್ಲುಹಾಸು ಐದಾರು ಮಿಲಿಮೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ನನ್ನ ತಮ್ಮನ ಮಗಳ ನೂರು ಚದರಡಿ, ಅಂದರೆ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚಿನ ಹುಲ್ಲಿಗೆ ದಿನಕ್ಕೆ ಸುಮಾರು 50 ಲೀಟರ್. ತಿಂಗಳಿಗೆ 1,500 ಲೀಟರ್. ಇದು ಯಾರ ನೀರು? ನಮ್ಮ ನಲ್ಲಿಗೆ ಬರುವುದು ಭದ್ರಾ ನಾಲೆ ಮತ್ತು ತುಂಗಭದ್ರೆಯ ನೀರು. ಅದೇ ಭದ್ರಾ ನಾಲೆಯ ಕೊನೆ ಭಾಗದ ರೈತರು ನಮ್ಮ ದಾವಣಗೆರೆ, ಹರಿಹರ ತಾಲ್ಲೂಕುಗಳಲ್ಲೇ ಇದ್ದಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ, ನೀರು ತಮ್ಮ ಗದ್ದೆಗೆ ಮುಟ್ಟೀತೋ ಇಲ್ಲವೋ ಎಂದು ಅವರು ನಾಲೆಯ ದಂಡೆಯಲ್ಲಿ ಕಾದದ್ದನ್ನು ನಾವೆಲ್ಲ ಕಂಡೆವು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ರಸ್ತೆಯಲ್ಲಿಯೂ ಕೊಳವೆಬಾವಿಗಳು ಕೈಕೊಟ್ಟು ಟ್ಯಾಂಕರ್ ಬರತೊಡಗಿತು. ಆ ದಿನಗಳಲ್ಲಿ ಟ್ಯಾಂಕರ್ ನೀರನ್ನು ಹುಲ್ಲಿಗೆ ಹರಿಸಿದವರನ್ನೂ ಕಂಡಿದ್ದೇನೆ. ಹಣ ಕೊಟ್ಟು ಕೊಂಡ ನೀರು ನನ್ನದು ಎನ್ನಬಹುದು. ಹಣ ನಮ್ಮದಿರಬಹುದು; ಭೂಮಿಯೊಳಗಿನ ನೀರು ಒಬ್ಬರದಲ್ಲ.

ನೆರಳಿನ ಪರದೆ ಕಟ್ಟಿ, ದಿನಕ್ಕೆರಡು ಸಲ ನೀರೆರೆದು ಆಂಥೂರಿಯಮ್ಮನ್ನೂ ಇಲ್ಲಿ ಬದುಕಿಸಬಹುದಲ್ಲವೆ ಎಂದರೆ, ಬದುಕಿಸಬಹುದು. ತವರಿನಿಂದ ತಂದ ಒಂದು ಕುಂಡವನ್ನು ಯಾರಾದರೂ ಹಾಗೆ ಜೋಪಾನ ಮಾಡಿದರೆ ನಾನು ಬೇಡವೆನ್ನುವುದಿಲ್ಲ. ನನ್ನಾಕೆಯೂ ತನ್ನ ತಾಯಿ ಕೊಟ್ಟ ಒಂದು ಡೇರೆಯನ್ನು ಸ್ನಾನದ ಮನೆಯ ಹಿಂದಿನ ನೆರಳಿನಲ್ಲಿ ವರ್ಷಗಟ್ಟಲೆ ಕಾಪಾಡಿದಳು. ಅದು ನೆನಪಿನ ಕುಂಡ. ಇಡೀ ಅಂಗಳವನ್ನೇ ಆಸ್ಪತ್ರೆಯ ವಾರ್ಡಿನಂತೆ ಮಾಡಿಕೊಳ್ಳುವುದು ಬೇರೆ ಮಾತು.

ನೆಡುವ ಕ್ರಮವನ್ನೂ ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಮೃಗಶಿರ, ಆರಿದ್ರಾ ಮಳೆಯ ಹೊತ್ತಿಗೆ ನೆಟ್ಟರೆ ಬೇಸಿಗೆ ಬರುವಷ್ಟರಲ್ಲಿ ಬೇರು ಆಳಕ್ಕಿಳಿದಿರುತ್ತದೆ. ಮಾರ್ಚ್ ತಿಂಗಳಲ್ಲಿ ನೆಡಬೇಡಿ. ಮನೆ ಕಟ್ಟಿದವರು ಅಂಗಳದಲ್ಲಿ ಬಿಟ್ಟುಹೋದ ಸಿಮೆಂಟು, ಇಟ್ಟಿಗೆ ಚೂರುಗಳನ್ನು ತೆಗೆದು, ಎರಡಡಿ ಗುಂಡಿ ತೋಡಿ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಎರೆಮಣ್ಣಿದ್ದರೆ ಮರಳು ಬೆರೆಸಿ, ಇಲ್ಲವಾದರೆ ಮಳೆಗಾಲದಲ್ಲಿ ನೀರು ನಿಂತು ದೇವಕಣಗಿಲೆಯ ಬೇರು ಕೊಳೆಯುತ್ತದೆ. ಬೇರೂರಿದ ಗಿಡಕ್ಕೆ ದಿನವೂ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಬುಡ ತುಂಬ ಎರೆಯುವುದು ಮೇಲು. ಚಿಮುಕಿಸಿದ ನೀರು ಬೇರನ್ನು ಮೇಲಕ್ಕೆ ಕರೆಯುತ್ತದೆ, ತುಂಬ ಎರೆದ ನೀರು ಕೆಳಕ್ಕೆ ಕರೆದೊಯ್ಯುತ್ತದೆ. ಬುಡಕ್ಕೆ ಒಣಎಲೆಗಳ ಹೊದಿಕೆ ಇರಲಿ. ಗುಡಿಸಿ ಸುಡುವ ಎಲೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸುವವರು ಗೇಟಿನ ಹೊರಗೆ ಒಂದು ಬೇವಿಗೋ ಹೊಂಗೆಗೋ ಮೂರಡಿ ಮಣ್ಣನ್ನಾದರೂ ಬಿಡಿ. ಹಾದುಹೋಗುವ ಹೂವಿನವಳು ಬುಟ್ಟಿ ಇಳಿಸಿ ನಿಲ್ಲಲು ಒಂದು ನೆರಳು ಬೇಕಲ್ಲವೆ?

ತಮ್ಮನ ಮಗಳು ಎಲ್ಲವನ್ನೂ ಕೇಳಿ, "ಹಂಗಾದ್ರೆ ಈಗ ನಾನೇನು ಮಾಡ್ಲಿ ದೊಡ್ಡಪ್ಪ?" ಎಂದಳು. "ಈ ತಿಂಗಳು ನೋಡು, ಮುಂದಿನ ತಿಂಗಳು ನೆಡು" ಎಂದೆ. ನನ್ನ ಮನೆಯಲ್ಲಿ ಕಾಗದದ ಹೂವಿನ ಕಡ್ಡಿಗಳಿವೆ, ನಿತ್ಯಪುಷ್ಪದ ಬೀಜವಿದೆ, ಹೊಂಗೆಯ ಸಸಿಗಳು ಎಂಟಿವೆ. ಬಡಾವಣೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, ಬಂಧುಗಳು ಮಳೆ ಹಿಡಿದ ಮೇಲೆ ಯಾವ ಸಂಜೆಯಾದರೂ ಬಂದು ಒಯ್ಯಬಹುದು.

ಕಳೆದ ವರ್ಷ ಆ ಹಳ್ಳಿಯ ಕಡೆ ಒಂದು ಮದುವೆಗೆ ಹೋದವನು ಶಾಲೆಯ ಬಳಿ ಕಾರು ನಿಲ್ಲಿಸಿದೆ. ಸಿಲ್ವರ್ ಓಕ್‌ಗಳಲ್ಲಿ ಒಂದೂ ಇಲ್ಲ. ಬೇಲಿ ಹೋಗಿ ಗೋಡೆ ಬಂದಿದೆ. ಗೋಡೆಯ ಹೊರಗೆ ಆ ಹೊಂಗೆ ಇಬ್ಬರು ತಬ್ಬುವಷ್ಟು ದಪ್ಪವಾಗಿ ನಿಂತಿದೆ. ಕೆಳಗೆ ಕಲ್ಲುಬೆಂಚು ಹಾಕಿದ್ದಾರೆ. ಬಸ್ಸಿಗೆ ಕಾಯುವವರು ಅಲ್ಲಿಯೇ ಕುಳಿತಿದ್ದರು. ನಾನೂ ಸ್ವಲ್ಪ ಹೊತ್ತು ಕುಳಿತೆ. ಅದನ್ನು ನೆಟ್ಟವನು ಎಂದಾದರೂ ಈ ಬರಹವನ್ನು ಓದಿದರೆ ಅವನಿಗೆ ತಿಳಿಯಲಿ: ತಮ್ಮಾ, ಅಂದು ತಪ್ಪಿದವನು ನೀನಲ್ಲ, ಗಿಡವನ್ನು ಆರಿಸಿದ ನಿನ್ನ ಮೇಷ್ಟ್ರು. ಆ ಐದು ಅಂಕ ನಿನಗೆ ಸಲ್ಲಬೇಕಾದದ್ದು.